ಎಂಟು ಇಂಚು ನೀರು

ನಮ್ಮ ನಾಯಿ ಕಡ್ಲೆ ಡ್ಯಾಶ್‌ಹೌಂಡ್ ಜಾತಿಯವಳು. ಉದ್ದ ಮೈ, ಗಿಡ್ಡ ಕಾಲು, 9 ಕೆಜಿ ತೂಕ. ಅವಳಿಗೆ ಆರು ವರ್ಷ. ಸಂಕ್ರಾಂತಿ ಮುಗಿದ ಮೂರನೇ ದಿನ ಬೆಳಿಗ್ಗೆ ಹಾಲಿನವನು ಬೆಲ್ ಮಾಡಿದಾಗ ಅವಳು ಬಾಗಿಲಿಗೆ ಓಡಿ ಬರಲಿಲ್ಲ. ಹೋಗಿ ನೋಡಿದರೆ ಮುಂಗಾಲಲ್ಲಿ ತೆವಳುತ್ತಿದ್ದಾಳೆ. ಹಿಂಗಾಲು ಎರಡೂ ಒದ್ದೆ ಬಟ್ಟೆಯ ಹಾಗೆ ಹಿಂದೆ ಎಳೆದುಕೊಂಡು ಬರುತ್ತಿವೆ.

ಮೊದಲು ತೋರಿಸಿದ ಕಡೆ ಕಾಲು ಉಳುಕಿದೆ ಎಂದು ನೋವಿನ ಇಂಜೆಕ್ಷನ್ ಕೊಟ್ಟು ಕಳಿಸಿದರು. ಒಂದು ಇಡೀ ದಿನ ಹಾಗೆ ಹೋಯಿತು. ಆ ದಿನವನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಉಳುಕಿದ್ದು ಕಾಲಲ್ಲ, ತೊಂದರೆ ಇದ್ದದ್ದು ಬೆನ್ನಲ್ಲಿ. ಈ ಜಾತಿಯ ನಾಯಿಗಳಲ್ಲಿ ಬೆನ್ನುಮೂಳೆಗಳ ನಡುವಿನ ಮೆತ್ತೆ ಚಿಕ್ಕ ವಯಸ್ಸಿಗೇ ಗಟ್ಟಿಯಾಗುತ್ತದೆ. ಕಾಲನ್ನು ಗಿಡ್ಡ ಮಾಡುವ ಗುಣವೇ ಇದನ್ನೂ ತರುತ್ತದಂತೆ. ಒಂದು ದಿನ ಆ ಮೆತ್ತೆ ಒಡೆದು ಮೇಲೆ ಚಿಮ್ಮಿ ನರದ ಹುರಿಯನ್ನು ಒತ್ತುತ್ತದೆ. ಬೆಂಗಳೂರಿನ ಡಾಕ್ಟರ್ ಅವಳ ಹಿಂಗಾಲಿನ ಬೆರಳನ್ನು ಚಿಮಟದಲ್ಲಿ ಗಟ್ಟಿಯಾಗಿ ಹಿಸುಕಿದರು. ಕಡ್ಲೆ ತಿರುಗಿ ಕುಂಯ್ ಎಂದಳು. ನನಗೆ ಕಣ್ಣಲ್ಲಿ ನೀರು ಬಂತು. ಡಾಕ್ಟರ್ ಮಾತ್ರ ನಕ್ಕರು. "ನೋವು ಗೊತ್ತಾಗ್ತಿದೆ, ಅದೇ ಒಳ್ಳೆ ಸುದ್ದಿ."

ಆಪರೇಷನ್ ಆಯಿತು. ಹನ್ನೆರಡನೇ ದಿನ ಹೊಲಿಗೆ ಬಿಚ್ಚಿದರು. ನಾನು ಟೈಲರ್. ಹಳೇ ಬೆಡ್‌ಶೀಟಿನಲ್ಲಿ ಸೊಂಟಕ್ಕೆ ಒಂದು ಜೋಲಿ ಹೊಲಿದೆ. ಅದರಲ್ಲಿ ಅವಳ ಹಿಂಭಾಗ ಎತ್ತಿ ಹಿಡಿದು ಅಂಗಳಕ್ಕೆ ಕರೆದೊಯ್ಯುತ್ತಿದ್ದೆ. ಗಾಯ ಪೂರ್ತಿ ಒಣಗಿದ ಮೇಲೆ ಡಾಕ್ಟರ್ ನೀರಿಗೆ ಇಳಿಸೋಣ ಎಂದರು.

ನೀರು ಎಂದರೆ ನನ್ನ ತಲೆಯಲ್ಲಿದ್ದದ್ದು ಈಜು. ಅದಕ್ಕೆ ಮುಂಚೆಯೇ ಊರಿಗೆ ಹೋಗಿದ್ದಾಗ, ಈಜಿದರೆ ಕಾಲು ಬರುತ್ತೆ ಅಂತ ಯಾರೋ ಹೇಳಿದ್ದನ್ನು ಕೇಳಿ ತೋಟದ ಹೊಂಡಕ್ಕೆ ಬಿಟ್ಟಿದ್ದೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಮುಂಗಾಲು ಎರಡೂ ಗಾಬರಿಯಿಂದ ಬಡಿಯುತ್ತಿದ್ದವು, ಹಿಂಗಾಲು ಸುಮ್ನೆ ತೇಲುತ್ತಿದ್ದವು. ಎತ್ತಿಕೊಂಡಾಗ ಚಳಿಗೆ ಗಡಗಡ ನಡುಗುತ್ತಿದ್ದಳು. ನಿಂತ ನೀರಿನಿಂದ ಇಲಿಜ್ವರವೂ ಬರಬಹುದು ಎಂದು ಡಾಕ್ಟರ್ ಆಮೇಲೆ ಬೈದರು. ಬೈಸಿಕೊಳ್ಳಬೇಕಾದದ್ದೇ.

ಕ್ಲಿನಿಕ್‌ನಲ್ಲಿ ಇರುವುದೇ ಬೇರೆ. ದೊಡ್ಡ ಮೀನಿನ ತೊಟ್ಟಿಯಂಥ ಗಾಜಿನ ಪೆಟ್ಟಿಗೆ, ತಳದಲ್ಲಿ ಉರುಳುವ ಬೆಲ್ಟು. ನಾಯಿಯನ್ನು ಒಣಗಿದ ಬೆಲ್ಟಿನ ಮೇಲೆ ನಿಲ್ಲಿಸಿ ಬಾಗಿಲು ಹಾಕುತ್ತಾರೆ. ಆಮೇಲೆ ಬೆಚ್ಚಗಿನ ನೀರು, ಸುಮಾರು 30 ಡಿಗ್ರಿಯದು, ಕೆಳಗಿನಿಂದ ನಿಧಾನವಾಗಿ ಏರುತ್ತದೆ. ಎಷ್ಟು ಏರಬೇಕು ಎನ್ನುವುದರಲ್ಲೇ ಎಲ್ಲಾ ಇದೆ. ನನ್ನ ಬ್ಯಾಗಿನಲ್ಲಿ ಟೇಪು ಇತ್ತು, ಅಳೆದೆ. ಕಡ್ಲೆಯ ಸೊಂಟ ನೆಲದಿಂದ ಎಂಟು ಇಂಚು. ನೀರು ಸೊಂಟದ ಮಟ್ಟಕ್ಕೆ ಬಂದರೆ ನಾಯಿಯ ಕಾಲುಗಳ ಮೇಲೆ ಬೀಳುವುದು ಮೈತೂಕದ ಶೇ. 38ರಷ್ಟು ಮಾತ್ರ. ಮೊಣಕಾಲ ಮಟ್ಟದಲ್ಲಿ ನಿಲ್ಲಿಸಿದರೆ ಶೇ. 85. ಅಂದರೆ ಎಂಟು ಇಂಚು ನೀರಲ್ಲಿ ನನ್ನ ಒಂಬತ್ತು ಕೆಜಿ ಕಡ್ಲೆ ಬರೀ ಮೂರೂವರೆ ಕೆಜಿ! ಬಲವಿಲ್ಲದ ಕಾಲಿಗೂ ಅಷ್ಟು ಹೊರುವ ಧೈರ್ಯ ಬರುತ್ತದೆ, ಅಲ್ವಾ? ಬಿದ್ದರೂ ನೀರು ಹಿಡಿದುಕೊಳ್ಳುತ್ತದೆ. ಮುಂದೆ ಹೆಜ್ಜೆ ಇಡುವಾಗ ಅದೇ ನೀರು ಅಡ್ಡ ನಿಂತು ಸ್ನಾಯುವಿಗೆ ಕೆಲಸವನ್ನೂ ಕೊಡುತ್ತದೆ.

ಮೊದಲ ದಿನ ನಡೆದದ್ದು ಎರಡು ನಿಮಿಷ. ನಡೆದದ್ದು ಎಂದರೂ ತಪ್ಪೇ. ಥೆರಪಿಸ್ಟ್ ಹುಡುಗಿ ನೀರಲ್ಲೇ ಮಂಡಿಯೂರಿ ಕೂತು, ಹಿಂಗಾಲು ಎರಡನ್ನೂ ಕೈಯಲ್ಲಿ ಹಿಡಿದು ಒಂದೊಂದಾಗಿ ಎತ್ತಿ ಇಡುತ್ತಿದ್ದಳು. ಪಂಜ ಮಗುಚಿಕೊಂಡು ಬೆರಳಿನ ಮೇಲ್ಭಾಗ ನೆಲಕ್ಕೆ ತಾಗಿದರೆ ತಕ್ಷಣ ತಿರುಗಿಸಿ ಅಂಗಾಲು ಊರಿಸುತ್ತಿದ್ದಳು. ಎತ್ತು, ಊರು, ಎತ್ತು, ಊರು. ಅದೇ ನನಗೆ ಹೊಂಡಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅರ್ಥ ಮಾಡಿಸಿತು. ಈಜುವಾಗ ಅಂಗಾಲಿಗೆ ನೆಲ ಸಿಗುವುದಿಲ್ಲ. ಕಡ್ಲೆ ಮರೆತದ್ದು ನೆಲವನ್ನು.

ಒಂದು ಸಲ ಅಮ್ಮ ಜೊತೆಗೆ ಬಂದಿದ್ದರು. ಗಾಜಿನಾಚೆ ನಿಂತು ಸುಮಾರು ಹೊತ್ತು ನೋಡಿದರು. "ನಿಮ್ಮಜ್ಜಿ ನಿಂಗೆ ನೀರು ಎರೀತಿದ್ದದ್ದೂ ಹೀಗೇ" ಎಂದರು. ಅಜ್ಜಿ ಬಚ್ಚಲಲ್ಲಿ ಕಾಲು ಚಾಚಿ ಕೂತು, ಅದರ ಮೇಲೆ ನನ್ನನ್ನು ಬೋರಲು ಮಲಗಿಸಿ, ಬಿಸಿನೀರು ಹೊಯ್ಯುತ್ತಾ ಕಾಲು ನೀವಿ ನೀವಿ ಬಿಡುತ್ತಿದ್ದರಂತೆ. ಎಣ್ಣೆ ಇಲ್ಲ ಅನ್ನುವುದೊಂದು ಬಿಟ್ಟರೆ ಆ ಹುಡುಗಿಯ ಕೈಯೂ ಅದನ್ನೇ ಮಾಡುತ್ತಿತ್ತು.

ವಾರಕ್ಕೆ ಎರಡು ಸಲ ತುಮಕೂರಿನಿಂದ ಹೋಗಿ ಬಂದೆವು. ಆ ದಿನ ಬೆಳಿಗ್ಗೆ ಕಡ್ಲೆಗೆ ತಿಂಡಿ ಇಲ್ಲ. ಹೊಟ್ಟೆ ತುಂಬಿದ್ದರೆ ನೀರಿಗೆ ಇಳಿಸುವುದಿಲ್ಲ. ಭೇದಿ, ಜ್ವರ, ಗಾಯ ಇದ್ದರೂ ಇಲ್ಲ. ಹೃದಯದ ತೊಂದರೆ ಇರುವ ನಾಯಿಯಾದರೆ ಮೊದಲೇ ಹೇಳಬೇಕು. ನೀರಿನ ಒತ್ತಡಕ್ಕೆ ಉಸಿರಾಟವೂ ಭಾರವಾಗುತ್ತದೆ, ಹಾಗಾಗಿ ಎರಡು ನಿಮಿಷಕ್ಕೊಮ್ಮೆ ನಿಲ್ಲಿಸಿ ಒಸಡಿನ ಬಣ್ಣ ನೋಡುತ್ತಿದ್ದರು. ಮುಗಿದ ಮೇಲೆ ಕಿವಿಯ ಒಳಗೂ ಒರೆಸಬೇಕು. ಡ್ಯಾಶ್‌ಹೌಂಡಿನ ಜೋತು ಕಿವಿಯಲ್ಲಿ ತೇವ ಉಳಿದರೆ ಬೇಗ ಸೋಂಕು.

ಐದನೇ ಸಲ ಥೆರಪಿಸ್ಟ್ ಎಡಗಾಲಿನಿಂದ ಕೈ ತೆಗೆದಳು. ಕಾಲು ತಾನಾಗೇ ಎದ್ದು ಮುಂದೆ ಬಂತು. ಒಂದೇ ಹೆಜ್ಜೆ. ನಾನು ಗಾಜಿಗೆ ಹಣೆ ಒತ್ತಿ ನಿಂತಿದ್ದೆ. ಆಮೇಲೆ ಮೂರು ಸಲ ಏನೂ ಆಗಲಿಲ್ಲ. ಆ ಮೂರು ಸಲ ವಾಪಸ್ ಬರುವ ದಾರಿ ಬಹಳ ಉದ್ದ ಅನಿಸಿತ್ತು. ಹತ್ತನೆಯದರ ಹೊತ್ತಿಗೆ ಎಂಟು ನಿಮಿಷ ನಡೆದಳು. ಆಗ ನೀರನ್ನು ಒಂದು ಇಂಚು ಇಳಿಸಿದರು. ಆಮೇಲೆ ಇನ್ನೊಂದು. ನೀರು ಇಳಿದಂತೆ ಅವಳ ತೂಕ ಅವಳಿಗೇ ವಾಪಸ್ ಬರುತ್ತಾ ಹೋಯಿತು.

ಈಗ ಹದಿನೈದು ದಿನಕ್ಕೊಮ್ಮೆ ಹೋಗುತ್ತೇವೆ. ಮನೆಯ ಟೈಲ್ಸ್ ಮೇಲೆ ಜಾರದ ಹಾಗೆ ಅಂಗಡಿಯಿಂದ ಬಾಗಿಲವರೆಗೂ ಮ್ಯಾಟ್ ಹಾಸಿದ್ದೇನೆ. ತಿರುಗುವಾಗ ಹಿಂಗಾಲು ಇನ್ನೂ ಒಂದಕ್ಕೊಂದು ಅಡ್ಡ ಬರುತ್ತದೆ. ಸೋಫಾ ಹತ್ತುವುದು ಈ ಜನ್ಮಕ್ಕೆ ಸಾಕು ಎಂದು ಡಾಕ್ಟರ್ ಹೇಳಿದ್ದಾರೆ. ನಿನ್ನೆ ಮಧ್ಯಾಹ್ನ ನಾನು ಮೆಷಿನ್ ಮೇಲೆ ಕೂತಿದ್ದೆ. ಪಕ್ಕದಲ್ಲಿ ಟಪಟಪ ಸದ್ದು. ತಿರುಗಿ ನೋಡಿದರೆ ಕಡ್ಲೆ ಕೂತು, ಎಡಗಡೆ ಹಿಂಗಾಲು ಎತ್ತಿ, ತನ್ನ ಕಿವಿ ಕೆರೆದುಕೊಳ್ಳುತ್ತಿದ್ದಳು.