ಪ್ರಸಾರವಾಗದ ನಾಲ್ಕು ನಿಮಿಷ

ಬೆಂಗಳೂರಿನ ಗೌತಮಪುರದ ಆ ಹಿರಿಯರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಾಗಿಲಲ್ಲೇ ಕಾಯುತ್ತಿದ್ದರು. 2023ರ ಮಾರ್ಚ್ 2, ಗುರುವಾರ. ಹಿಂದಿನ ದಿನವಷ್ಟೇ ಕರ್ನಾಟಕ ತಂಡ ಸೌದಿಯ ರಿಯಾದ್‌ನಲ್ಲಿ ಸೇನಾಪಡೆಗಳ ಸರ್ವಿಸಸ್ ತಂಡವನ್ನು 3–1ರಿಂದ ಮಣಿಸಿ, ರಾಜ್ಯ ತಂಡಗಳ ಫುಟ್‌ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿಯ ಫೈನಲ್ ತಲುಪಿತ್ತು. ನಮ್ಮವರು ಆ ಟ್ರೋಫಿಯನ್ನು ಕೊನೆಯ ಸಲ ಗೆದ್ದದ್ದು 1968–69ರಲ್ಲಿ. ರಾಜ್ಯದ ಹೆಸರು ಆಗಿನ್ನೂ ಮೈಸೂರು. ಆ ತಂಡ ಅಭ್ಯಾಸ ಮಾಡುವಾಗ ಗೋಲಿನ ಹಿಂದೆ ನಿಂತು ಚೆಂಡು ಹೆಕ್ಕಿಕೊಡುತ್ತಿದ್ದ ಹುಡುಗ ಈಗ ಎಪ್ಪತ್ತರ ಆಸುಪಾಸಿನಲ್ಲಿದ್ದರು.

ಅಲ್ಲಿನ ಪೆಲೆ ಪ್ರತಿಮೆಯ ಪಕ್ಕ ನಿಲ್ಲಿಸಿ ನಮ್ಮ ವಾಹಿನಿಗೆ ಬೈಟ್, ಅಂದರೆ ಕ್ಯಾಮೆರಾ ಮುಂದೆ ನಾಲ್ಕು ಮಾತು, ತೆಗೆದುಕೊಂಡೆವು. ಮುಗಿಯಿತು ಎನ್ನುವಾಗ ಅವರು ಚಪ್ಪಲಿ ಬಿಟ್ಟು ಬಲಗಾಲು ಮುಂದೆ ಚಾಚಿದರು. ಹೆಬ್ಬೆರಳಿಗೆ ಉಗುರಿರಲಿಲ್ಲ. "ಬರಿಗಾಲಲ್ಲಿ ಆಡಿದ್ದು ಸರ್, ಇದನ್ನೂ ತೋರಿಸಿ" ಎಂದರು. ಕ್ಯಾಮೆರಾಮನ್ ಪುಣ್ಯಾತ್ಮ ರಸ್ತೆಯಲ್ಲೇ ಕುಳಿತು ಆ ಬೆರಳನ್ನು ಚಿತ್ರೀಕರಿಸಿಕೊಂಡ.

ಶುಕ್ರವಾರ ಎಡಿಟಿಂಗ್ ಮುಗಿಸಿದೆ. ನಾಲ್ಕು ನಿಮಿಷದ ಪ್ಯಾಕೇಜ್. ಕನ್ನಡ ಸುದ್ದಿ ವಾಹಿನಿಯೊಂದು ಫುಟ್‌ಬಾಲಿಗೆ ನಾಲ್ಕು ನಿಮಿಷ ಕೊಡುವುದೆಂದರೆ ಹಬ್ಬವೇ. ಕ್ರಿಕೆಟ್ ಆದರೂ ಅಷ್ಟೇ: ದೃಶ್ಯಗಳ ಹಕ್ಕು ಬೇರೆಯವರದು, ನಮ್ಮ ಪಾಲಿಗೆ ಕೆಲವು ತುಣುಕು, ಉಳಿದಂತೆ ಫೋಟೊ, ಗ್ರಾಫಿಕ್ಸ್ ಮತ್ತು ಬಾಯಿ. ವಾಯ್ಸ್ ಓವರ್ ಕೊಟ್ಟು ಹೊರಗೆ ಬಂದರೆ ಎಚ್‌ಆರ್‌ನಿಂದ ಕರೆ.

ಕ್ರೀಡಾ ಡೆಸ್ಕಿನಲ್ಲಿ ಐದು ಮಂದಿ ಇದ್ದೆವು. ನಾಲ್ವರನ್ನು ಒಬ್ಬೊಬ್ಬರಾಗಿ ಕರೆದರು. ಐಪಿಎಲ್ ಹೊತ್ತಿಗೆ ಒಬ್ಬ ಇದ್ದರೆ ಸಾಕು, ಉಳಿದದ್ದಕ್ಕೆ ಏಜೆನ್ಸಿ ಸುದ್ದಿ ಇದೆ ಎಂಬ ಲೆಕ್ಕಾಚಾರ. ತೆಗೆದುಹಾಕುತ್ತಿದ್ದೇವೆ ಎಂದು ಅವರು ಹೇಳಲಿಲ್ಲ. ರಾಜೀನಾಮೆಯ ಮೇಲ್ ಅನ್ನು ನಾನೇ ಬರೆಯಬೇಕಿತ್ತು. 'ವೈಯಕ್ತಿಕ ಕಾರಣಗಳಿಂದ' ಎಂಬ ಪದಗಳನ್ನು ಎಚ್‌ಆರ್‌ನ ಹುಡುಗಿ ನಿಧಾನವಾಗಿ, ಶಾಲೆಯ ಉಕ್ತಲೇಖನದ ಹಾಗೆ ಹೇಳಿಕೊಟ್ಟಳು. ಪತ್ರಿಕೆಯಲ್ಲಿದ್ದಿದ್ದರೆ 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆಯಂತೆ ಮೂರು ತಿಂಗಳ ನೋಟಿಸ್ ಕೇಳಬಹುದಿತ್ತು. ಆ ಕಾಯ್ದೆಗೆ ಟಿವಿಯವರು ಪತ್ರಕರ್ತರೇ ಆಗಿರಲಿಲ್ಲ. 2017ರ ಏಪ್ರಿಲ್‌ನಲ್ಲಿ ಅಮೆರಿಕದ ಕ್ರೀಡಾ ವಾಹಿನಿ ಇಎಸ್‌ಪಿಎನ್ ಸುಮಾರು ನೂರು ಮಂದಿಯನ್ನು ಮನೆಗೆ ಕಳಿಸಿದಾಗ ಅದನ್ನು ಪರದೆಯ ಕೆಳಗೆ ಓಡುವ ಸ್ಕ್ರಾಲಿಗೆ ಹಾಕಿದವನು ನಾನೇ. ಒಂದೇ ಸಾಲು. ಬರೆದು ಚಹಾಕ್ಕೆ ಹೋಗಿದ್ದೆ.

"ಲೋಗೊ ನಿಮ್ಮ ಹತ್ತಿರ ಇದೆಯಂತೆ" ಎಂದಳು. ಮೈಕಿಗೆ ಸಿಕ್ಕಿಸುವ ಆ ಡಬ್ಬಿ ನನ್ನ ಚೀಲದಲ್ಲೇ ಇತ್ತು; ಒಂದು ಮೂಲೆ ಒಡೆದು ಸೆಲ್ಲೋಟೇಪ್ ಸುತ್ತಿದ್ದೆ. ಕೊಟ್ಟೆ. ಅವಳು ಆ ಟೇಪನ್ನು ನೋಡಿ, ಪಟ್ಟಿಯಲ್ಲಿ ಏನೋ ಗುರುತು ಹಾಕಿಕೊಂಡಳು.

ಶನಿವಾರ ರಾತ್ರಿ ಫೈನಲನ್ನು ಮೊಬೈಲಿನಲ್ಲಿ ನೋಡಿದೆ. ಮೇಘಾಲಯದ ಎದುರು 3–2. ಐವತ್ತನಾಲ್ಕು ವರ್ಷಗಳ ಮೇಲೆ ಟ್ರೋಫಿ! ಕೂಗಬೇಕೆನಿಸಿತು, ಹೆಂಡತಿ ಮಕ್ಕಳು ಮಲಗಿದ್ದರು. ಅಭ್ಯಾಸಬಲದಿಂದ ನಮ್ಮ ವಾಹಿನಿ ಹಾಕಿದೆ. ಯಾವುದೋ ಚುನಾವಣಾ ಚರ್ಚೆ, ಕೆಳಗೆ ಸ್ಕ್ರಾಲಿನಲ್ಲಿ ಕರ್ನಾಟಕದ ಗೆಲುವು. ಒಂದೇ ಸಾಲು.

ಅಷ್ಟರಲ್ಲಿ ಫೋನ್ ಬಂತು.

"ಗೆದ್ದರಲ್ಲ ಸರ್!" ಅವರ ಧ್ವನಿ ನಡುಗುತ್ತಿತ್ತು. "ನನ್ನದು ಎಷ್ಟು ಹೊತ್ತಿಗೆ ಬರುತ್ತದೆ? ಮೊಮ್ಮಗಳು ಮಲಗಲು ಒಪ್ಪುತ್ತಿಲ್ಲ. ಪಕ್ಕದ ಮನೆಯವರೂ ಬಂದು ಕುಳಿತಿದ್ದಾರೆ."

ನಿಜ ಹೇಳಬಹುದಿತ್ತು. ಹದಿನಾಲ್ಕು ವರ್ಷ ಈ ಕೆಲಸ ಮಾಡಿದವನಿಗೆ ಆ ಕ್ಷಣದಲ್ಲಿ ಬಾಯಿಗೆ ಬಂದದ್ದು ಬೇರೆ.

"ಮಗುವನ್ನು ಮಲಗಿಸಿ ಸರ್. ಬೆಳಗಿನ ಬುಲೆಟಿನ್‌ನಲ್ಲಿ ಬರುತ್ತದೆ."

"ಕಾಲಿನದೂ ಹಾಕಿದ್ದೀರಾ?"

"ಹಾಕಿದ್ದೇನೆ."

ಭಾನುವಾರ ಬೆಳಿಗ್ಗೆ ಏಳೂವರೆಗೆ ಫೋನ್ ಮತ್ತೆ ಹೊಡೆದುಕೊಂಡಿತು. ಎಂಟೂಕಾಲಿಗೆ ಇನ್ನೊಮ್ಮೆ. ನಾನು ಎತ್ತಲಿಲ್ಲ.