ನಿಮ್ಮ ಸಾಲ್ಯಾಗಿನ ಅಕ್ಕೋರು ಏನ್ ಓದ್ಯಾರ್ರೀ?

ಬಾಗಲಕೋಟೆಯ ನವನಗರದಲ್ಲಿ ನಾನೊಂದು ಸಣ್ಣ ಮಾಂಟೆಸ್ಸರಿ ಶಾಲೆ ನೋಡಿಕೊಳ್ಳುತ್ತೇನೆ. ಮೂರರಿಂದ ಆರು ವರ್ಷದ ಮಕ್ಕಳು ಸಾಮಾನು ಮುಟ್ಟಿ, ಕೈಯಾರೆ ಮಾಡಿ ಕಲಿಯುವ ಶಾಲೆ. ಅಡ್ಮಿಷನ್‌ಗೆ ಬರುವವರು ಫೀ ಎಷ್ಟು, ವ್ಯಾನ್ ನಮ್ಮ ಸೆಕ್ಟರ್‌ಗೆ ಬರುತ್ತಾ, ಊಟ ಕಟ್ಟಿ ಕಳಿಸಬೇಕಾ ಅಂತೆಲ್ಲ ಕೇಳಿ ಮುಗಿಸಿ, ಎದ್ದು ಚಪ್ಪಲಿ ಹಾಕಿಕೊಳ್ಳುವಾಗ ಕೇಳುವ ಪ್ರಶ್ನೆ ಒಂದಿದೆ. "ಅಲ್ರೀ, ನಿಮ್ಮ ಸಾಲ್ಯಾಗಿನ ಅಕ್ಕೋರು ಏನ್ ಓದ್ಯಾರ? ಬಿ.ಎಡ್ ಆಗೇತೇನ್ರಿ ಎಲ್ಲಾರ್ದೂ?" ಮದುವೆ ಮನೆಯಲ್ಲಿ ಕೇಳುತ್ತಾರೆ, ಸಂತೆಯಲ್ಲಿ ಕೇಳುತ್ತಾರೆ, ನಮ್ಮ ಬೀಗರೂ ಬಿಟ್ಟಿಲ್ಲ. ಒಬ್ಬೊಬ್ಬರಿಗೆ ನಿಂತಲ್ಲೇ ಹೇಳಿದರೆ ಅರ್ಧ ಉತ್ತರ ಆಗುತ್ತೆ. ಅದಕ್ಕೆ ಪೂರ್ತಿ ಬರೆಯುತ್ತಿದ್ದೇನೆ.

ಇಲ್ಲ, ಎಲ್ಲರದೂ ಬಿ.ಎಡ್ ಆಗಿಲ್ಲ. ಒಬ್ಬರದು ಮಾತ್ರ ಆಗಿದೆ. ಉಳಿದವರಲ್ಲಿ ಒಬ್ಬರು ಸಿವಿಲ್ ಇಂಜಿನಿಯರ್. ಒಬ್ಬರು ಇಲ್ಲೇ ನಮ್ಮೂರಿನ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ಓದಿದವರು. ಇನ್ನೊಬ್ಬರು ಗುಳೇದಗುಡ್ಡದ ನೇಕಾರರ ಮನೆಯವರು, ಮಗ್ಗದ ಸದ್ದಿನಲ್ಲೇ ಬಿ.ಎ. ಮುಗಿಸಿದವರು. ನಾನು ಬಿ.ಕಾಂ, ಮೊದಲು ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುತ್ತಿದ್ದೆ. ಆದರೆ ಮಕ್ಕಳ ಜೊತೆ ಕೂರುವ ಎಲ್ಲರೂ ಮಾಂಟೆಸ್ಸರಿ ಟ್ರೇನಿಂಗ್ ಮಾಡಿದ್ದಾರೆ. ಅದರಲ್ಲಿ ರಾಜಿ ಇಲ್ಲ.

ಬಿ.ಎಡ್ ಬಗ್ಗೆ ಒಂದು ಮಾತು. ಅದು ದೊಡ್ಡ ಮಕ್ಕಳಿಗೆ ಪಾಠ ಹೇಳೋದಕ್ಕೆ ಇರುವ ಕೋರ್ಸು. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿತಲ್ಲ, ಒಂದರಿಂದ ಐದನೇ ತರಗತಿಗೆ ಬಿ.ಎಡ್ ನಡೆಯಲ್ಲ, ಸಣ್ಣ ಮಕ್ಕಳಿಗೆ ಕಲಿಸೋದಕ್ಕೇ ಅಂತ ಇರುವ ಡಿಪ್ಲೊಮಾ ಬೇಕು ಅಂತ. ಒಂದನೇ ತರಗತಿಗೇ ಸಾಲದ ಡಿಗ್ರಿಯನ್ನು ಮೂರು ವರ್ಷದ ಮಗುವಿನ ಟೀಚರ್ ಹತ್ತಿರ ಯಾಕೆ ಕೇಳುತ್ತೀರಿ? ಬಿ.ಎಡ್ ಆದವರನ್ನು ಹಳಿಯುತ್ತಿಲ್ಲ, ನಮ್ಮಲ್ಲೂ ಒಬ್ಬರು ಇದ್ದಾರೆ ಅಂದೆನಲ್ಲ. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮಾಂಟೆಸ್ಸರಿ ಪದ್ಧತಿ ಶುರು ಮಾಡಿದವರೇ ಟೀಚರ್ ಆಗಿರಲಿಲ್ಲ. ಮರಿಯಾ ಮಾಂಟೆಸ್ಸರಿ ಇಟಲಿಯವರು, ಹುಟ್ಟಿದ್ದು 1870ರಲ್ಲಿ, 1896ರಲ್ಲಿ ರೋಮ್‌ನಲ್ಲಿ ಡಾಕ್ಟರ್ ಆದರು. ಬುದ್ಧಿ ಬೆಳವಣಿಗೆ ಕಮ್ಮಿ ಅಂತ ಮೂಲೆಗೆ ತಳ್ಳಿದ್ದ ಮಕ್ಕಳನ್ನು ನೋಡುತ್ತಾ ನೋಡುತ್ತಾ ಕಲಿಕೆಯ ಕಡೆ ಬಂದರು. ಅವರು ಯಾರ ದಾರಿ ಹಿಡಿದರೋ ಆ ಇಟಾರ್ ಮತ್ತು ಸೆಗಾಂ, ಇಬ್ಬರೂ ಫ್ರಾನ್ಸಿನ ಡಾಕ್ಟರುಗಳೇ. 1907ರ ಜನವರಿ 6ರಂದು ರೋಮ್‌ನ ಸಾನ್ ಲೊರೆಂಜೊ ಅನ್ನುವ ಬಡವರ ಬಡಾವಣೆಯಲ್ಲಿ ಮೊದಲ ಮಕ್ಕಳ ಮನೆ ತೆರೆದಾಗ ಮಕ್ಕಳನ್ನು ನೋಡಿಕೊಳ್ಳಲು ಇಟ್ಟುಕೊಂಡ ಹೆಂಗಸೂ ಟ್ರೇನಿಂಗ್ ಆದ ಟೀಚರ್ ಅಲ್ಲ, ಆ ಕಟ್ಟಡದ ಬಾಗಿಲು ಕಾಯೋರ ಮಗಳು. ಅಪ್ಪ ಅಮ್ಮ ದುಡಿಯೋಕೆ ಹೋದಾಗ ಮಕ್ಕಳು ಗೋಡೆ ಮೆಟ್ಟಿಲು ಕೆಡಿಸುತ್ತಾರೆ, ಯಾರಾದರೂ ನೋಡಿಕೊಳ್ಳಲಿ ಅಂತ ಕಟ್ಟಡದವರು ಶುರು ಮಾಡಿಸಿದ್ದು ಅದು. ನನ್ನನ್ನು ಕೇಳಿದರೆ ಟೀಚರ್ ಅಲ್ಲದವರು ಸಿಕ್ಕಿದ್ದೇ ಒಳ್ಳೆಯದಾಯ್ತು. ಹಳೇ ಟೀಚರ್ ಆಗಿದ್ದರೆ ಮೊದಲ ದಿನವೇ ಮಕ್ಕಳನ್ನು ಸಾಲಾಗಿ ಕೂರಿಸಿ ಕೈ ಕಟ್ಟಿಸುತ್ತಿದ್ದರು.

ನಮ್ಮ ದೇಶದಲ್ಲೂ ಹಾಗೇ. ಗುಜರಾತಿನ ಗಿಜುಭಾಯಿ ಬಧೇಕಾ ವಕೀಲರಾಗಿದ್ದವರು. ಮಗ ಹುಟ್ಟಿದ ಮೇಲೆ ಮಾಂಟೆಸ್ಸರಿ ಬರಹ ಓದಿ ವಕೀಲಿಕೆ ಬಿಟ್ಟರು, 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. ಅವರ ಜೊತೆ ಕೆಲಸ ಮಾಡಿದ ತಾರಾಬಾಯಿ ಮೋಡಕ್ ಮುಂದೆ ಮಹಾರಾಷ್ಟ್ರದ ಬೋರ್ಡಿ, ಕೋಸಬಾಡದ ಆದಿವಾಸಿ ಮಕ್ಕಳ ನಡುವೆ ಕೂತು, ದುಬಾರಿ ಸಾಮಾನು ಬಿಟ್ಟು, ಊರಲ್ಲಿ ಸಿಗುವ ಬೀಜ, ಕಲ್ಲು, ಎಲೆಗಳಿಂದಲೇ ಬಾಲವಾಡಿ ನಡೆಸಿದರು. ಮಾಂಟೆಸ್ಸರಿ ಅವರೇ 1939ರಲ್ಲಿ ಮದ್ರಾಸಿನ ಅಡ್ಯಾರ್‌ಗೆ ಬಂದರು. ಕೆಲವು ತಿಂಗಳು ಇದ್ದು ಹೋಗಲು ಬಂದವರು, ಯುದ್ಧದಲ್ಲಿ ಇಟಲಿ ಬ್ರಿಟನ್ ವಿರುದ್ಧ ನಿಂತಿದ್ದರಿಂದ ಶತ್ರು ದೇಶದವರಾಗಿ ಇಲ್ಲೇ ಉಳಿಯಬೇಕಾಯ್ತು. ಮಗ ಮಾರಿಯೊನನ್ನು ಬ್ರಿಟಿಷರು ಬಂಧನದಲ್ಲಿಟ್ಟರು. 1940ರಲ್ಲಿ ತಾಯಿಯ 70ನೇ ಹುಟ್ಟುಹಬ್ಬಕ್ಕೆ ಉಡುಗೊರೆ ಅಂತ ಬಿಡುಗಡೆ ಮಾಡಿದರು. 1946ರವರೆಗೆ ತಾಯಿ ಮಗ ಇಬ್ಬರೂ ನಮ್ಮ ದೇಶದಲ್ಲೇ ಓಡಾಡಿ ಟೀಚರ್‌ಗಳನ್ನು ತಯಾರು ಮಾಡಿದರು. ಅಡ್ಯಾರಿನ ಮೊದಲ ಕೋರ್ಸಿಗೇ ಸುಮಾರು 300 ಜನ ಸೇರಿದ್ದರಂತೆ.

ಅಂದರೆ ಡಾಕ್ಟರ್, ವಕೀಲರು, ಬಾಗಿಲು ಕಾಯೋರ ಮನೆಯವರು. ನಮ್ಮ ಇಂಜಿನಿಯರ್ ಅಕ್ಕೋರು ಹೊಸದೇನೂ ಅಲ್ಲ ಬಿಡಿ.

ಹಾಗಂತ ಯಾರು ಬೇಕಾದರೂ ಬಂದು ಕೂರಬಹುದಾ? ಇಲ್ಲ. ಟ್ರೇನಿಂಗ್‌ನಲ್ಲಿ ಏನಿರುತ್ತೆ ಅಂತ ಹೊರಗಿನವರಿಗೆ ಗೊತ್ತಿರಲ್ಲ. ಒಂದೊಂದು ಸಾಮಾನನ್ನೂ ಕಪಾಟಿನಿಂದ ಹೇಗೆ ಎತ್ತಬೇಕು, ಚಾಪೆ ಹೇಗೆ ಹಾಸಬೇಕು, ಮಗುವಿನ ಯಾವ ಪಕ್ಕ ಕೂರಬೇಕು, ಎಷ್ಟು ಮಾತಾಡಬೇಕು, ಎಲ್ಲವನ್ನೂ ಕೈಯಲ್ಲಿ ಮಾಡಿ, ಮನೆಗೆ ಹೋಗಿ ಬರೆದು, ಚಿತ್ರ ಬಿಡಿಸಿ ಆಲ್ಬಂ ಮಾಡಬೇಕು. ಅದೂ ಒಂದಲ್ಲ, ವಿಷಯಕ್ಕೊಂದು. ಆಮೇಲೆ ನಡೆಯುತ್ತಿರುವ ಶಾಲೆಯಲ್ಲಿ ಮೂಲೆಗೆ ಕೂತು, ಬಾಯಿ ಮುಚ್ಚಿಕೊಂಡು ಮಕ್ಕಳನ್ನು ನೋಡಿ ಬರೆಯಬೇಕು. ಈ ಬಾಯಿ ಮುಚ್ಚೋದು ಎಲ್ಲಕ್ಕಿಂತ ಕಷ್ಟ. ಪದ ಹೇಳಿಕೊಡೋದರಲ್ಲೂ ಅಷ್ಟೇ. ಉಪ್ಪುಕಾಗದದ ಹಲಗೆ ಮುಟ್ಟಿಸಿ "ಇದು ಒರಟು, ಇದು ನುಣುಪು" ಅನ್ನೋದು ಮೊದಲ ಹಂತ. "ಒರಟು ಯಾವುದು ತೋರಿಸು" ಎರಡನೇದು. "ಇದೇನು?" ಅಂತ ಕೇಳೋದು ಕೊನೆಗೆ. ನಾವೆಲ್ಲ ಮನೆಯಲ್ಲಿ ನೇರ ಮೂರನೇದಕ್ಕೆ ಹಾರುತ್ತೇವೆ. "ಇದೇನ ಹೇಳು, ಮಾವಗ ಹೇಳು, ಹೇಳಲ್ಲೋ!" ಮಗು ಬಾಯಿ ಬಿಡಲ್ಲ, ಮಾವ ಅದನ್ನು ದಡ್ಡ ಅಂತಾನೆ.

ಈಗ ಗುಳೇದಗುಡ್ಡದ ಅಕ್ಕೋರ ವಿಷಯ. ಇವರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಗುಳೇದಗುಡ್ಡ ಅಂದರೆ ಖಣ, ಇಳಕಲ್ ಸೀರೆಗೆ ಜೋಡಿ ಆಗುವ ಕುಪ್ಪಸದ ಬಟ್ಟೆ. ಇವರು ಸಣ್ಣವರಿದ್ದಾಗ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದರು, ದೊಡ್ಡವರಾದ ಮೇಲೆ ಮಗ್ಗಕ್ಕೂ ಕೂತರು. ಇಳಕಲ್ಲಿನಲ್ಲಿ ಸೋದರತ್ತೆಯ ಮನೆ, ಹಾಗಾಗಿ ಸೀರೆಯ ಕೆಲಸವೂ ಗೊತ್ತು. ಹಾಸು ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳು; ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಕೊಂಡಿ ಹಾಕಿ ಜೋಡಿಸಬೇಕು. ಒಂದು ಎಳೆ ತಪ್ಪಿದರೂ ಸೆರಗಿನಲ್ಲಿ ಕಾಣುತ್ತೆ. "ಕೊಂಡಿ ಹಾಕುಮುಂದ ನಮ್ಮತ್ತಿನ್ನ ಯಾರೂ ಮಾತಾಡಸ್ತಿದ್ದಿಲ್ರಿ" ಅಂತ ಅವರು ಕೆಲಸಕ್ಕೆ ಸೇರುವ ಮುಂಚೆ ಮಾತಾಡುವಾಗ ಹೇಳಿದರು. ನಾನು ಅಲ್ಲೇ ತೀರ್ಮಾನ ಮಾಡಿಬಿಟ್ಟೆ.

ಯಾಕೆ ಅಂದರೆ ಈ ಕೆಲಸಕ್ಕೆ ಬೇಕಾದ್ದು ಅದೇ. ನಾಲ್ಕು ವರ್ಷದ ಹುಡುಗ ಸಣ್ಣ ಹೂಜಿಯಿಂದ ಲೋಟಕ್ಕೆ ಜೋಳ ಸುರಿಯುತ್ತಿರುತ್ತಾನೆ. ನಾಲಿಗೆ ತುದಿ ಹೊರಗೆ, ಮೊಣಕೈ ಮೇಲಕ್ಕೆ. ಆಗ ದೊಡ್ಡವರು ಯಾರಾದರೂ "ಭೇಷ್! ಶಾಣ್ಯಾ ಅದಿ ನೋಡು" ಅಂದರೆ ಆಯ್ತು, ಅವನು ತಲೆ ಎತ್ತುತ್ತಾನೆ, ಜೋಳ ನೆಲಕ್ಕೆ. ಆಮೇಲೆ ಅವನು ಜೋಳಕ್ಕಾಗಿ ಸುರಿಯಲ್ಲ, ಭೇಷ್‌ಗಾಗಿ ಸುರಿಯುತ್ತಾನೆ. ಗುಳೇದಗುಡ್ಡದ ಅಕ್ಕೋರು ಪಕ್ಕದಲ್ಲೇ ಇರುತ್ತಾರೆ, ಅವನ ಕಡೆ ನೋಡುವುದೂ ಇಲ್ಲ ಅನ್ನಿಸುತ್ತೆ. ಜೋಳ ಚೆಲ್ಲಿದರೆ ಅವನೇ ಕಾಳು ಕಾಳು ಆರಿಸಿ ಮತ್ತೆ ತುಂಬುತ್ತಾನೆ. ಸಂಜೆ ಕೇಳಿದರೆ ಅವನು ಎಷ್ಟು ಸಲ ಸುರಿದ, ಯಾವ ಕೈಯಲ್ಲಿ ಹಿಡಿದ, ಎಲ್ಲಿ ಬೇಜಾರಾಗಿ ಬಿಟ್ಟ, ಎಲ್ಲ ಅವರ ಪುಸ್ತಕದಲ್ಲಿರುತ್ತೆ.

ಬಟ್ಟೆ ಪೆಟ್ಟಿಗೆ ಅಂತ ಒಂದು ಸಾಮಾನಿದೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬೆರಳಲ್ಲೇ ಮುಟ್ಟಿ ಒಂದೇ ಥರದ ಎರಡು ತುಂಡು ಜೋಡಿಸಬೇಕು. ಅಂಗಡಿಯಿಂದ ತರಿಸಿದ ಪೆಟ್ಟಿಗೆಯಲ್ಲಿ ಇದ್ದದ್ದು ವೆಲ್ವೆಟ್, ಸ್ಯಾಟಿನ್, ಇನ್ನೇನೋ. ಇವರು ಅದನ್ನೆಲ್ಲ ತೆಗೆದಿಟ್ಟು ಖಣ, ಸೀರೆಯ ಹತ್ತಿ ಒಡಲು, ರೇಷ್ಮೆ ಸೆರಗು, ಖಾದಿ, ಕಂಬಳಿ, ಹಳೇ ಧೋತರ ಚೌಕ ಚೌಕ ಕತ್ತರಿಸಿ ಅಂಚು ಹೊಲಿದು ತಂದರು. ಖಣದ ಮೇಲೆ ಬೆರಳಾಡಿಸಿದರೆ ಸಣ್ಣ ಚಿತ್ತಾರ ಸಿಗುತ್ತಲ್ಲ, ಮಕ್ಕಳು ಅದನ್ನು ಮೊದಲು ಹಿಡಿಯುತ್ತಾರೆ. ಒಂದು ಹುಡುಗಿ ಕಂಬಳಿ ಮುಟ್ಟಿದ ಕೂಡಲೇ "ಇದು ನಮ್ಮ ಮುತ್ಯಾಂದು" ಅಂತ ಜಗಳಕ್ಕೇ ನಿಂತಳು.

ಇಂಜಿನಿಯರ್ ಅಕ್ಕೋರದು ಬೇರೆ ಕಥೆ. ಇಲ್ಲಿನ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಬೆಂಗಳೂರಿನಲ್ಲಿ ಕೆಲಸ ಮಾಡಿ, ಊರಿಗೆ ವಾಪಸ್ ಬಂದವರು. ಅವರಿಗೆ ಗಣಿತ ಅಂದರೆ ಜೀವ. ಮಣಿಗಳ ಸಾಮಾನು ನೋಡಿ ಹುಚ್ಚಾದರು. ಒಂದು ಬಿಡಿ ಮಣಿ, ಹತ್ತರ ಸರ, ನೂರರ ಚೌಕ, ಸಾವಿರದ ಘನ. ಮಗು ಒಂದು ಕೈಯಲ್ಲಿ ಬಿಡಿ ಮಣಿ, ಇನ್ನೊಂದು ಕೈಯಲ್ಲಿ ಸಾವಿರ ಹಿಡಿದುಕೊಂಡರೆ ಸಾವಿರ ಅಂದರೆ ಎಷ್ಟು ಅಂತ ಹೇಳಿಕೊಡಬೇಕಿಲ್ಲ, ಕೈಯೇ ಹೇಳುತ್ತೆ. ಇನ್ನೊಂದು ಪೆಟ್ಟಿಗೆ ಇದೆ, ಎಂಟು ಮರದ ತುಂಡುಗಳು, ಕೆಂಪು, ನೀಲಿ, ಕಪ್ಪು. ಸರಿಯಾಗಿ ಜೋಡಿಸಿದರೆ ಒಂದು ಘನ ಆಗುತ್ತೆ. ನಾವು ಹೈಸ್ಕೂಲಿನಲ್ಲಿ ಉರು ಹೊಡೆದ ಎ ಪ್ಲಸ್ ಬಿ ಹೋಲ್ ಕ್ಯೂಬ್ ಇದೇ! ಎ ಕ್ಯೂಬ್ ಒಂದು, ಬಿ ಕ್ಯೂಬ್ ಒಂದು, ನಡುವಿನವು ಮೂರು ಮೂರು. ಮಗುವಿಗೆ ಅದು ಬಣ್ಣ ಹೊಂದಿಸುವ ಆಟ, ಅಷ್ಟೇ. ಸೂತ್ರ ಹೇಳುವ ಹಾಗಿಲ್ಲ. ಈ ಹೇಳದೇ ಇರೋದು ನಮ್ಮ ಇಂಜಿನಿಯರ್‌ಗೆ ಎಷ್ಟು ಸಂಕಟ ಕೊಡುತ್ತೆ ಅಂದರೆ, ಮಕ್ಕಳು ಮನೆಗೆ ಹೋದ ಮೇಲೆ ಆಯಾಗೆ ಹಿಡಿದು ಕೂರಿಸಿ ವಿವರಿಸುತ್ತಾರೆ. ಆಯಾ ಈಗ ಹೋಲ್ ಕ್ಯೂಬ್ ಹೇಳಬಲ್ಲರು.

ಬಿ.ಎಡ್ ಆದವರು ಕನ್ನಡ ಎಂ.ಎ., ಮೊದಲು ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ ಆಗಿದ್ದರು. ಸಣ್ಣ ತರಗತಿಯವರಿಗೆ ಆಟವಾಡಿಸುತ್ತಾ ಕಲಿಸುವ ನಲಿಕಲಿ ತರಗತಿ ಪಕ್ಕದಲ್ಲೇ ಇದ್ದದ್ದರಿಂದ ಅಕ್ಷರವನ್ನು ಅ ಆ ಇ ಈ ಅಂತ ಸಾಲಾಗಿ ಕಲಿಸದೆ ರ, ಗ, ಸ, ದ, ಅ ಅಂತ ಬರೆಯಲು ಸುಲಭವಾದ ಕಡೆಯಿಂದ ಶುರು ಮಾಡಬಹುದು ಅಂತ ಅವರಿಗೆ ಗೊತ್ತಿತ್ತು. ನಮ್ಮ ಉಪ್ಪುಕಾಗದದ ಅಕ್ಷರಗಳನ್ನು ಅವರೇ ಕತ್ತರಿಸಿದ್ದು. ಮಕ್ಕಳು ಎರಡು ಬೆರಳಿಂದ ಅದರ ಮೇಲೆ ತೀಡುತ್ತಾ ಸದ್ದು ಹೇಳುತ್ತಾರೆ. ಕಥೆ ಹೇಳೋದರಲ್ಲಿ ಇವರನ್ನು ಮೀರಿಸೋರಿಲ್ಲ. ಅಲ್ಲೇ ಜಗಳ. ಸಣ್ಣ ಮಕ್ಕಳಿಗೆ ಮೊದಲು ನಿಜವಾದ ಜಗತ್ತು ತೋರಿಸಿ, ಮಾತಾಡುವ ಪ್ರಾಣಿ, ರಾಕ್ಷಸರೆಲ್ಲ ಆಮೇಲೆ ಅನ್ನೋದು ಮಾಂಟೆಸ್ಸರಿ ದಾರಿ. ಇವರು ಹೇಳೋದು, ಗಿಜುಭಾಯಿ ಜನಪದ ಕಥೆಗಳನ್ನು ಹುಡುಕಿ ಹುಡುಕಿ ಮಕ್ಕಳಿಗೆ ಹೇಳಿದರಲ್ಲ, ಗುಬ್ಬಿ ಮಾತಾಡಿದರೆ ಏನು ಗಂಟು ಹೋಗುತ್ತೆ? ತೋಟಗಾರಿಕೆ ಓದಿದ ಅಕ್ಕೋರು ಇವರ ವಿರುದ್ಧ ಪಕ್ಷ. ಆಲಮಟ್ಟಿ ಹಿನ್ನೀರಿಗೆ ಬರುವ ರಾಜಹಂಸ ನೋಡಲು ರಜೆಯ ದಿನ ನಸುಕಿನಲ್ಲಿ ಏಳುವವರು ಅವರು. ನಿಜವಾದ ಹಕ್ಕಿ ಸಾಲದಾ ಅಂತಾರೆ. ನನಗೆ ಇಬ್ಬರ ಮಾತೂ ಸರಿ ಅನ್ನಿಸುತ್ತೆ, ಸದ್ಯ ಊಟದ ನಂತರ ಗುಬ್ಬಿ ಮಾತಾಡುತ್ತಿದೆ.

ನಾನು ಕೆಲಸಕ್ಕೆ ಬರುವವರನ್ನು ಕೇಳೋದು ಒಂದೇ, ಸಂಬಳ ಇಲ್ಲದೆಯೂ ಮಾಡುವ ಕೆಲಸ ಯಾವುದು ನಿಮ್ಮದು? "ನಂಗ ಮಕ್ಕಳಂದ್ರ ಭಾಳ ಪ್ರೀತಿರಿ" ಅಂತ ಎಲ್ಲರೂ ಹೇಳುತ್ತಾರೆ. ಮಕ್ಕಳಂದರೆ ಯಾರಿಗೆ ಪ್ರೀತಿ ಇಲ್ಲ? ಪ್ರೀತಿ ಜಾಸ್ತಿ ಆದವರೇ ಮಗುವಿನ ಗುಂಡಿ ತಾವೇ ಹಾಕಿಬಿಡುತ್ತಾರೆ. ಯಾವುದಾದರೂ ಕೆಲಸದಲ್ಲಿ ತಾನೇ ಮುಳುಗಿ ಎದ್ದವರಿಗೆ, ಇನ್ನೊಬ್ಬರು ಮುಳುಗಿದ್ದಾಗ ಎಬ್ಬಿಸಬಾರದು ಅಂತ ಗೊತ್ತಿರುತ್ತೆ. ಮಗ್ಗವಾಗಲಿ, ಗಣಿತವಾಗಲಿ, ಹಕ್ಕಿಯಾಗಲಿ, ನನಗೆ ಅಷ್ಟೇ ಬೇಕು. ಉಳಿದದ್ದು ಟ್ರೇನಿಂಗ್ ಕಲಿಸುತ್ತೆ.

ಸಂಬಳದ ವಿಷಯವನ್ನೂ ಹೇಳಿಬಿಡುತ್ತೇನೆ, ಅದನ್ನು ಯಾರೂ ಕೇಳಲ್ಲ. ಸರ್ಕಾರಿ ಟೀಚರ್‌ಗೆ ಸಿಗುವುದರ ಹತ್ತಿರಕ್ಕೂ ನಮ್ಮಲ್ಲಿ ಬರಲ್ಲ. ಟ್ರೇನಿಂಗ್‌ಗೆ ಬೆಂಗಳೂರಿಗೆ ಹೋಗಿ ಇರೋ ಖರ್ಚು ಬೇರೆ. ಗಂಡಸರು ಯಾಕಿಲ್ಲ ಅಂತ ಕೆಲವರು ಕೇಳುತ್ತಾರಲ್ಲ, ಈ ಸಂಬಳಕ್ಕೆ ಗಂಡಸರು ಅರ್ಜಿಯನ್ನೇ ಹಾಕಲ್ಲ. ಹೆಂಗಸರಿಗೆ ಮಾತ್ರ ಇದು ಸಾಕು ಅಂತ ಊರೇ ತೀರ್ಮಾನ ಮಾಡಿದ ಹಾಗಿದೆ, ಅದು ನನಗೆ ಸರಿ ಕಾಣಲ್ಲ. ಫೀ ಏರಿಸಿದರೆ ನೇಕಾರರ ಮಕ್ಕಳು ಬರೋದು ನಿಲ್ಲುತ್ತೆ, ಏರಿಸದಿದ್ದರೆ ಒಳ್ಳೆ ಅಕ್ಕೋರು ಹೋಗುತ್ತಾರೆ. ಎರಡೂ ಆಗಿದೆ.

ಇನ್ನೂ ಅನುಮಾನ ಇದ್ದರೆ ಸರ್ಟಿಫಿಕೇಟ್ ತೋರಿಸುತ್ತೇವೆ, ಫೈಲ್ ಆಫೀಸಿನಲ್ಲೇ ಇದೆ. ಆದರೆ ಅದಕ್ಕಿಂತ ಶಾಲೆ ನಡೆಯುವಾಗ ಹತ್ತು ಗಂಟೆಗೆ ಬನ್ನಿ. ಬಾಗಿಲ ಹತ್ತಿರ ಕುರ್ಚಿ ಹಾಕಿಸುತ್ತೇನೆ. ಮೊಬೈಲ್ ಸೈಲೆಂಟ್‌ಗೆ ಹಾಕಿ, ಮಕ್ಕಳನ್ನು ಮಾತಾಡಿಸಬೇಡಿ, ನಿಮ್ಮ ಮಗುವನ್ನಂತೂ ಕರೆಯಲೇಬೇಡಿ. ಅರ್ಧ ಗಂಟೆ ಅಕ್ಕೋರ ಕೈ ನೋಡಿ. ಚಹಾ ಆಮೇಲೆ ಕುಡಿಯೋಣ.