ಬರ್ಲಿನ್ ಟೌನ್‌ಶಿಪ್‌ಗೆ ಹೊರಟಿದ್ದೀರಾ? ಕೌಂಟಿ ಯಾವುದು ಅಂತ ಮೊದಲು ನೋಡಿ

ಅತ್ತೆ ಹಾಸನದಿಂದ ಬಂದು ಒಂದು ತಿಂಗಳಾಗಿತ್ತು. ಮಾಲ್ ಸುತ್ತಿಸಿ ಸಾಕಾಗಿ, ಅಮೆರಿಕದ ಒಹಾಯೊ ರಾಜ್ಯದ ಆಮಿಷ್ ಹಳ್ಳಿಗಳಿಗೆ ಕರೆದೊಯ್ಯೋಣ ಅಂದುಕೊಂಡೆವು. ಆಮಿಷ್ ಅಂದರೆ ಕಾರು ಬಿಟ್ಟು ಕುದುರೆಗಾಡಿಯಲ್ಲೇ ಓಡಾಡುವ ಒಂದು ಕ್ರೈಸ್ತ ಪಂಗಡ. ‘ಬರ್ಲಿನ್ ಟೌನ್‌ಶಿಪ್’ ಅಂತ ಕಂಡ ರೂಮು ಬುಕ್ ಮಾಡಿದೆ. (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ, ಟೌನ್‌ಶಿಪ್ ಅದರೊಳಗಿನ ಹೋಬಳಿ ಇದ್ದ ಹಾಗೆ.) ರಾತ್ರಿಗೆ 189 ಡಾಲರ್, ರದ್ದು ಮಾಡಿದರೆ ದುಡ್ಡು ವಾಪಸ್ ಇಲ್ಲ. ಫೋಟೋದಲ್ಲಿ ಕುದುರೆಗಾಡಿ ಬೇರೆ ಇತ್ತು.

ಶುಕ್ರವಾರ ಸಂಜೆ ಹೋಗಿ ನೋಡಿದರೆ ಕುದುರೆಯೂ ಇಲ್ಲ, ಗಾಡಿಯೂ ಇಲ್ಲ. ಸಾಲು ಸಾಲು ಹೊಸ ಮನೆಗಳು, ಹತ್ತಿರದಲ್ಲಿ ಆಲಮ್ ಕ್ರೀಕ್ ಕೆರೆ. “ಇದು ಡೆಲವೇರ್ ಕೌಂಟಿಯ ಬರ್ಲಿನ್. ನಿಮಗೆ ಬೇಕಾದ್ದು ಹೋಮ್ಸ್ ಕೌಂಟಿದು” ಅಂದರು ರೂಮಿನ ಮಾಲೀಕರು. ಅಲ್ಲಿಗೆ ಒಂದೂವರೆ ಗಂಟೆ ದಾರಿ! ಮತ್ತೆ ಕುದುರೆಗಾಡಿ ಫೋಟೋ ಯಾಕೆ ಹಾಕಿದಿರಿ ಅಂದರೆ ಉತ್ತರ ಇಲ್ಲ.

ಒಹಾಯೊದಲ್ಲಿ ಬೇರೆ ಬೇರೆ ಕೌಂಟಿಗಳ ಟೌನ್‌ಶಿಪ್‌ಗಳಿಗೆ ಒಂದೇ ಹೆಸರು ಇರುವುದು ಮಾಮೂಲು. ವಾಷಿಂಗ್ಟನ್ ಅನ್ನೋ ಹೆಸರಿನವೇ ನಲವತ್ತಕ್ಕೂ ಜಾಸ್ತಿ. ಹಾಗಾಗಿ ಟೌನ್‌ಶಿಪ್ ಹೆಸರು ನಂಬಬೇಡಿ. 44610 ಅಂತ ಪಿನ್ ಹಾಕಿ ಹುಡುಕಿ, ಸರಿಯಾದ ಬರ್ಲಿನ್ ಸಿಗುತ್ತದೆ.

ಶನಿವಾರ ಅಲ್ಲಿಗೆ ಮುಟ್ಟಿದೆವು. ಅಕ್ಟೋಬರ್ ಆದ್ದರಿಂದ ಮುಖ್ಯರಸ್ತೆಯಲ್ಲಿ ಜಾತ್ರೆ. ನನಗೆ ಜನಜಂಗುಳಿ ಆಗೋದಿಲ್ಲ, ಹತ್ತು ನಿಮಿಷಕ್ಕೇ ಗಾಡಿ ತಿರುಗಿಸಿದೆ. ನಿಜವಾದ ಊರು ಇರೋದು ಒಳದಾರಿಗಳಲ್ಲಿ. ಒಳಗೆ ಹೋದಷ್ಟೂ ಜಲ್ಲಿರಸ್ತೆ, ಏರು, ಇಳಿಜಾರು. ಏರಿನ ನೆತ್ತಿಯಲ್ಲಿ ಜೋರಾಗಿ ಹೋಗಬೇಡಿ. ಆಚೆ ಬದಿಯಲ್ಲಿ ಕಿತ್ತಳೆ ಬಣ್ಣದ ತ್ರಿಕೋನ ಅಂಟಿಸಿಕೊಂಡ ಗಾಡಿ ಟಕಟಕ ಅಂತ ಹೋಗ್ತಾ ಇರುತ್ತದೆ. “ಏನೇ, ಇದು ನಮ್ಮ ಜಟಕಾನೇ ಅಲ್ವೇನೇ?” ಅಂತ ಅತ್ತೆ ಮಗಳಿಗೆ ತೋರಿಸಿದರು. ಮುಖ ಕಾಣುವ ಹಾಗೆ ಫೋಟೋ ತೆಗೆಯಬೇಡಿ, ಆಮಿಷ್ ಜನಕ್ಕೆ ಇಷ್ಟವಿಲ್ಲ.

ಹಸಿವಾಗಿ ಒಂದು ಸಣ್ಣ ಹೋಟೆಲಿಗೆ ನುಗ್ಗಿದೆವು. ಆರು ಟೇಬಲ್ ಅಷ್ಟೇ. ಎರಡು ಮೊಟ್ಟೆ, ಬಾಣಲೆಯಲ್ಲಿ ಕೆಂಪಗೆ ಹುರಿದ ಆಲೂಗಡ್ಡೆ, ಅಂಗೈ ದಪ್ಪದ ಮನೆ ಬ್ರೆಡ್, ಎಲ್ಲಾ ಸೇರಿ ಏಳು ಡಾಲರ್. ಬ್ರೆಡ್ಡಿಗೆ ‘ಆಪಲ್ ಬಟರ್’ ಕೊಟ್ಟರು. ಹೆಸರಿಗೆ ಬಟರ್, ಬೆಣ್ಣೆ ಏನೂ ಇಲ್ಲ. ಸೇಬನ್ನು ಕಪ್ಪಗಾಗುವವರೆಗೆ ಕುದಿಸಿ ಕುದಿಸಿ ದಾಲ್ಚಿನ್ನಿ ಹಾಕಿದ್ದು. ಮೊಟ್ಟೆ ಮುಟ್ಟದ ಅತ್ತೆ ಅದರಲ್ಲೇ ನಾಲ್ಕು ಸ್ಲೈಸ್ ಮುಗಿಸಿ, ಒಂದು ಬಾಟಲಿ ಕಟ್ಟಿಸಿಕೊಂಡರು. ಸಸ್ಯಾಹಾರಿಗಳೇ, ಹಿಸುಕಿದ ಆಲೂಗಡ್ಡೆ ಮೇಲಿನ ನೂಡಲ್ಸ್ ನೋಡಿ ಆಸೆಪಡಬೇಡಿ, ಬೇಯಿಸೋದು ಕೋಳಿ ಸಾರಿನಲ್ಲಿ. ಪೈ ಹಿಟ್ಟಿಗೂ ಹಂದಿ ಕೊಬ್ಬು ಹಾಕಿರಬಹುದು, ಕೇಳಿಯೇ ತಿನ್ನಿ.

ಪಕ್ಕದ ಟೇಬಲಿನ ತಾತ ಹಿಂದೆ ಟೌನ್‌ಶಿಪ್ ಟ್ರಸ್ಟಿ ಆಗಿದ್ದವರಂತೆ. ಬರ್ಲಿನ್‌ಗೆ ಮೇಯರ್ ಯಾರು ಅಂದೆ. ಇಲ್ಲವೇ ಇಲ್ಲ ಅಂದರು! ನಾಲ್ಕು ವರ್ಷಕ್ಕೆ ಆಯ್ಕೆಯಾಗುವ ಮೂವರು ಟ್ರಸ್ಟಿಗಳು, ಲೆಕ್ಕಪತ್ರಕ್ಕೆ ಒಬ್ಬ ಫಿಸ್ಕಲ್ ಆಫೀಸರ್, ಅಷ್ಟೇ ಸರ್ಕಾರ. ರಸ್ತೆಗೆ ಜಲ್ಲಿ ಹಾಕಿಸೋದು, ಹಿಮ ತಳ್ಳಿಸೋದು, ಸ್ಮಶಾನದ ಹುಲ್ಲು ಕತ್ತರಿಸೋದು ಅವರ ಕೆಲಸ. ಕಳ್ಳ ಬಂದರೆ ಕೌಂಟಿ ಶೆರಿಫ್‌ಗೆ ಫೋನ್ ಮಾಡಬೇಕು. ನಮ್ಮ ಗ್ರಾಮ ಪಂಚಾಯಿತಿಯಲ್ಲಿ ಇದಕ್ಕಿಂತ ಜನ ಜಾಸ್ತಿ!

ಅವರೇ ಪೇಪರ್ ನ್ಯಾಪ್ಕಿನ್ ಮೇಲೆ ಒಂದು ಅಡ್ಡಗೆರೆ ಎಳೆದು ತೋರಿಸಿದರು. ಮೂಲನಿವಾಸಿಗಳ ಜೊತೆ 1795ರಲ್ಲಿ ಆದ ಗ್ರೀನ್‌ವಿಲ್ ಒಪ್ಪಂದದ ಗಡಿ ಈ ಕೌಂಟಿಯನ್ನು ಸೀಳಿಕೊಂಡು ಹೋಗುತ್ತದೆ. ದಕ್ಷಿಣಕ್ಕೆ ಅಮೆರಿಕದ ಸ್ವಾತಂತ್ರ್ಯ ಯುದ್ಧದ ಸೈನಿಕರಿಗೆ ಮೀಸಲಿಟ್ಟ ಜಮೀನು, ಅಲ್ಲಿ ಐದೈದು ಮೈಲಿಯ ಚೌಕ. ಉತ್ತರಕ್ಕೆ ಆರಾರು ಮೈಲಿಯ ಚೌಕ. ಟೌನ್‌ಶಿಪ್‌ಗಳನ್ನು ಅಳೆದದ್ದು ಹಾಗೆ.

ಭಾನುವಾರ ಮಾತ್ರ ಹೋಗಬೇಡಿ. ನಾವು ಇನ್ನೊಂದು ಸಲ ಆ ಹೋಟೆಲಿಗೆ ಅಂತ ಬೆಳಿಗ್ಗೆ ಮತ್ತೆ ಒಂದೂವರೆ ಗಂಟೆ ಓಡಿಸಿಕೊಂಡು ಬಂದೆವು. ಬಾಗಿಲು ಹಾಕಿತ್ತು. ದಾರಿಯ ಒಂದು ತೋಟದ ಮನೆ ಮುಂದೆ ಮೂವತ್ತು ಗಾಡಿ ನಿಂತಿದ್ದವು. ಇವರಿಗೆ ಚರ್ಚ್ ಕಟ್ಟಡ ಇಲ್ಲ, ಪ್ರಾರ್ಥನೆ ಸರದಿಯ ಮೇಲೆ ಮನೆಗಳಲ್ಲೇ. ನಾವು ಕಾರಿನಲ್ಲೇ ಕೂತು ಬಾಟಲಿ ತೆರೆದೆವು, ಬ್ರೆಡ್ ಇರಲಿಲ್ಲ.